ಅಡುಗೆಮನೆಯ ಮೈಕು

ಜಯಂತಿ ಸ್ಟೂಲಿನ ಮೇಲೆ ನಿಂತು ಬೆಣ್ಣೆ ಹಚ್ಚುವ ಚಾಕುವಿನ ತುದಿಯಿಂದ ಎರಡನೆಯ ಸ್ಕ್ರೂ ತಿರುಗಿಸುತ್ತಿದ್ದಳು. ಮೊದಲನೆಯದು ಆಗಲೇ ಕಳಚಿ ಸಿಂಕಿನೊಳಗೆ ಬಿದ್ದಿತ್ತು. ಅಂಗೈಯಗಲದ ಬಿಳಿ ಪೆಟ್ಟಿಗೆ ಒಂದು ಪಕ್ಕ ಬಾಯಿಬಿಟ್ಟುಕೊಂಡು ಗೋಡೆಯಿಂದ ಜೋತಾಡುತ್ತಿತ್ತು. ಆಸ್ಪತ್ರೆಯಿಂದ ಗಂಡನ ಶವ ಹೊರಟಿದೆಯೆಂದು ಈಗಷ್ಟೇ ಫೋನು ಬಂದಿತ್ತು. ಅದು ಮನೆಯೊಳಗೆ ಬರುವ ಮೊದಲು ಈ ಪೆಟ್ಟಿಗೆ ಹೋಗಬೇಕು. ಬೆಳಗಿನಿಂದ ಅವಳ ತಲೆಯಲ್ಲಿ ಸ್ಪಷ್ಟವಾಗಿದ್ದ ವಿಚಾರ ಇದೊಂದೇ.

"ಅಕ್ಕಾ! ಎಂತ ಮಾಡ್ತಿದ್ದೀರಿ ಮೇಲೆ ಹತ್ತಿ?"

ವಾರಗಿತ್ತಿ ಹೇಮಲತಾ ಬಾಗಿಲಲ್ಲಿ ನಿಂತಿದ್ದಳು. ಸೂರತ್‌ನಲ್ಲಿ ಗಂಡನ ಜೊತೆ ಉಡುಪಿ ಹೋಟೆಲು ನಡೆಸುವವಳು. ಸುದ್ದಿ ಸಿಕ್ಕಿದ್ದೇ ರಾತ್ರೋರಾತ್ರಿ ಹೊರಟು ವಡೋದರಕ್ಕೆ ಬಂದಿದ್ದಳು.

"ಇದನ್ನು ತೆಗೀಬೇಕು."

"ಈಗಲಾ?"

"ಈಗಲೇ. ಅವರು ಬರುವುದರ ಒಳಗೆ."

ಹೇಮಲತಾ ಅವಳ ಸೊಂಟ ಹಿಡಿದು ಕೆಳಗಿಳಿಸಿದಳು. "ಬಿದ್ರೆ ನಾವು ಇಬ್ಬರನ್ನು ಹೊರಬೇಕಾದೀತು. ಬನ್ನಿ, ಒಂದು ಗುಟುಕು ಚಾ ಕುಡೀರಿ." ಅವಳ ಬಾಯಿಯೇ ಹಾಗೆ. ದುಃಖದಲ್ಲೂ ಒಂದು ಮುಳ್ಳು ಇಟ್ಟುಕೊಂಡೇ ಮಾತಾಡುವುದು.

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಎದುರು ಮನೆಯ ಅನುರಾಧಾಬೆನ್ ದೊಡ್ಡ ಥರ್ಮಾಸಿನಲ್ಲಿ ಚಹಾ ತಂದಿಟ್ಟು, "ಭಾಭೀ, ಥೋಡೀ ಚಾ ಪೀ ಲೋ" ಎಂದು ಲೋಟವನ್ನು ಜಯಂತಿಯ ಕೈಯಲ್ಲಿ ಹಿಡಿಸಿದಳು. ಜಯಂತಿ ಹಿಡಿದಳು, ಕುಡಿಯಲಿಲ್ಲ. ಪೆಟ್ಟಿಗೆ ಒಂದೇ ಸ್ಕ್ರೂವಿನ ಮೇಲೆ ಓರೆಯಾಗಿ ನೇತಾಡುತ್ತ ಅವಳನ್ನೇ ನೋಡುತ್ತಿದ್ದಂತಿತ್ತು.

ಗಂಡ ಪದ್ಮನಾಭ ಸೌಂಡಿನ ಕೆಲಸದವನು. ಅವನ ಕಿವಿಯ ಬಗ್ಗೆ ವಡೋದರದ ಕನ್ನಡದವರಲ್ಲಿ ಕತೆಗಳೇ ಇದ್ದವು. ಗಣೇಶೋತ್ಸವದ ಪೆಂಡಾಲಿನ ಹೊರಗೆ ಚಪ್ಪಲಿ ಬಿಡುತ್ತಲೇ, "ಎಡಗಡೆ ಬಾಕ್ಸಿನ ವೈರು ಸಡಿಲ ಉಂಟು" ಎಂದು ಹೇಳಿದ್ದನಂತೆ. ಸೊಳ್ಳೆ ಗಂಡೋ ಹೆಣ್ಣೋ ಎಂದು ಪದ್ಮನಾಭನನ್ನು ಕೇಳಿ ಎಂದು ಕನ್ನಡ ಸಂಘದವರು ತಮಾಷೆ ಮಾಡುತ್ತಿದ್ದರು. ಊರಾಚೆಯ ವಿಶ್ವವಿದ್ಯಾಲಯವೊಂದಕ್ಕೆ ಹೊಸ ಧ್ವನಿ ವ್ಯವಸ್ಥೆ ಕೂರಿಸುವ ಕೆಲಸ ಮೂರು ವರ್ಷದಿಂದ ಅವನ ಮೇಲಿತ್ತು. ನಿನ್ನೆ ಆ ಕ್ಯಾಂಪಸ್ಸಿನ ರಸ್ತೆಯಲ್ಲೇ ನೀರಿನ ಟ್ಯಾಂಕರು ಹಿಂದಿನಿಂದ ಬಂದು ಹೊಡೆದಿತ್ತು.

ಹೇಮಲತಾಳ ಗಂಡ, ಮೈದುನ ಸತ್ಯಪ್ರಕಾಶ ಅವಳನ್ನು ಬಾಲ್ಕನಿಗೆ ಕರೆದ. ಬಾಗಿಲು ಎಳೆದುಕೊಂಡ.

"ಅತ್ತಿಗೆ, ಭಟ್ಟರ ಹತ್ರ, ಸಂಘದವರ ಹತ್ರ ಅಪಘಾತ ಅಂತ ಮಾತ್ರ ಹೇಳಿ. ಹೆಚ್ಚು ಬಿಡಿಸ್ಲಿಕ್ಕೆ ಹೋಗ್ಬೇಡಿ."

"ಅಪಘಾತವೇ ಅಲ್ವಾ?"

ಅವನು ಕೆಳಗಿನ ಪಾರ್ಕಿಂಗ್ ನೋಡಿದ. "ಪೊಲೀಸಿನವರು ಹೇಳಿದ್ರು. ಟ್ಯಾಂಕರಿನವ ಹಾರ್ನ್ ಹೊಡೆದೇ ಹೊಡೆದನಂತೆ. ಅಷ್ಟು ದೂರದಲ್ಲಿ ಗಿಡಕ್ಕೆ ನೀರು ಬಿಡ್ತಿದ್ದ ಮಾಲಿ ಸಹ ತಿರುಗಿ ನೋಡಿದ್ದಾನೆ. ಅಣ್ಣ ತಿರುಗ್ಲಿಲ್ಲ. ನಡ್ಕೊಂಡೇ ಹೋದ. ಅಣ್ಣನಂಥ ಕಿವಿಯವ, ಅತ್ತಿಗೆ... ಕೇಳ್ಲಿಲ್ಲ ಅಂದ್ರೆ ಯಾರು ನಂಬ್ತಾರೆ?"

ಜಯಂತಿ ಕಂಬಿ ಹಿಡಿದುಕೊಂಡಳು.

"ನನ್ನ ಹತ್ರವೂ ಮಾತು ಬಿಟ್ಟಿದ್ದ," ಅವನ ದನಿಯಲ್ಲಿ ಹಳೆಯ ನೋವಿತ್ತು. "ಹೋದ ದೀಪಾವಳಿಗೆ ಹೋಟ್ಲಿಗೆ ಬಂದಾಗ ಕೌಂಟರಿನಿಂದ ಕರೆದೆ, ಕರೆದೆ. ತಲೆ ಎತ್ತಲಿಲ್ಲ. ದೊಡ್ಡ ಯೂನಿವರ್ಸಿಟಿ ಕೆಲಸ ಸಿಕ್ಕಿತಲ್ಲ, ತಮ್ಮ ಎಲ್ಲಿ ಕಾಣ್ತಾನೆ ಅಂದ್ಕೊಂಡೆ. ಮನೆಯಲ್ಲಿ ಎಂತಾದ್ರೂ ಆಗಿತ್ತಾ, ಅತ್ತಿಗೆ?"

"ಎಂತ ಆಗ್ಲಿಲ್ಲ."

ಅದು ಸುಳ್ಳಲ್ಲ. ಏನೂ ಆಗಿರಲಿಲ್ಲ. ಏನೂ ಆಗದೆಯೇ ಒಂದು ವರ್ಷ ಕಳೆದಿತ್ತು. ನಿನ್ನೆ ಬೆಳಿಗ್ಗೆ ಅವಳು ತಟ್ಟೆಯನ್ನು ಮೇಜಿನ ಮೇಲೆ ಇಟ್ಟಳು, ಅವನು ದೋಸೆ ತಿಂದ, ಬ್ಯಾಗು ತೆಗೆದುಕೊಂಡು ಹೊರಟ. ಒಂದು ಮಾತೂ ಇರಲಿಲ್ಲ. ಹೊರಟವನು ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದ್ದ.

ಒಳಗೆ ಬಂದಾಗ ಮಗಳು ದೀಪ್ತಿ ತಡೆದು ನಿಲ್ಲಿಸಿದಳು. ಅಹಮದಾಬಾದಿನ ಬೋಡಕ್‌ದೇವ್‌ನ ಆಫೀಸಿನಿಂದ ಹಾಗೇ ಎದ್ದು ಬಂದವಳು. ಕೊರಳಲ್ಲಿ ಇನ್ನೂ ಆಫೀಸಿನ ಕಾರ್ಡಿತ್ತು. "ಮಮ್ಮಿ, ಕಾಕಾ ಏನು ಹೇಳಿದ್ರು? ಪಪ್ಪಾ... ಜಾನ್‌ಬೂಝ್‌ಕೇ? ಬೇಕಂತಲೇ?"

"ಅಲ್ಲ."

"ನಿನಗೆ ಪಕ್ಕಾ ಗೊತ್ತಾ?"

ಜಯಂತಿ ಮಗಳ ಕೊರಳಿನ ಕಾರ್ಡು ತೆಗೆದು ಕಪಾಟಿನ ಮೇಲಿಟ್ಟಳು.

*

ಪೆಟ್ಟಿಗೆ ಮನೆಗೆ ಬಂದದ್ದು ಎರಡು ಮಳೆಗಾಲದ ಹಿಂದೆ. ಪದ್ಮನಾಭನೇ ಗೋಡೆ ಕೊರೆದು, ಸಾಂಬಾರ ಡಬ್ಬಿಗಳ ಶೆಲ್ಫಿನ ಮೇಲೆ ಅದನ್ನು ಕೂರಿಸಿದ.

"ಎಂತಕ್ಕೆ ಇದು?"

"ಮೈಕು. ನೀನು ಇಲ್ಲಿಂದಲೇ ಕರೆದ್ರೆ ನನಗೆ ಗೊತ್ತಾಗ್ಲಿಕ್ಕೆ."

"ಈ ಕೋಣೆಯಿಂದ ಆ ಕೋಣೆಗೆ ಮೈಕು ಬೇಕಾ? ಮದುವೆ ಮನೆಯಾ ಇದು?"

"ಇರ್ಲಿ ಮಾರಾಯ್ತಿ."

ಆ ದಿನಗಳಲ್ಲಿ ಅವನು ಊಟಕ್ಕೆ ಕೂತಾಗ ಕ್ಯಾಂಪಸ್ಸಿನ ಕೆಲಸದ ವಿಷಯ ಹೇಳುತ್ತಿದ್ದ. ಹಿಂದಿನ ಹಾಗೆ ದಪ್ಪ ವೈರುಗಳ ಗೊಂಚಲು ಎಳೆಯುವುದಿಲ್ಲ, ಕಂಪ್ಯೂಟರಿಗೆ ಹಾಕುವಂಥ ಒಂದು ಸಣ್ಣ ಕೇಬಲಿನಲ್ಲೇ ನೂರು ಕಡೆಯ ಮಾತು ಒಟ್ಟಿಗೆ ಓಡುತ್ತದೆ. ಗ್ರಂಥಾಲಯ, ಪರೀಕ್ಷೆಯ ಹಾಲ್, ಹಾಸ್ಟೆಲಿನ ಊಟದ ಮನೆ, ಒಂದೊಂದು ಪೆಟ್ಟಿಗೆಗೂ ಅದರದೇ ವಿಳಾಸ. "ಒಂದು ಕಡೆ ಕೂತ್ರೆ ಸಾಕು. ಯಾವ ಕೋಣೆಯಲ್ಲಿ ಮಾತು ಉಂಟು, ಯಾವುದರಲ್ಲಿ ಇಲ್ಲ, ಎಲ್ಲ ಗೊತ್ತಾಗ್ತದೆ." ಹಾಸ್ಟೆಲಿನ ಹುಡುಗಿಯರು ಹೆದರಿ ಪೆಟ್ಟಿಗೆಯ ತೂತುಗಳ ಮೇಲೆಲ್ಲ ಬಿಂದಿ ಅಂಟಿಸಿಬಿಟ್ಟಿದ್ದರಂತೆ. ಅದನ್ನು ಹೇಳಿ ಅವನು ನಕ್ಕ. ಜಯಂತಿಗೆ ನಗು ಬರಲಿಲ್ಲ. ಹುಡುಗಿಯರದ್ದೇ ಸರಿ ಅನ್ನಿಸಿತು.

ಒಂದು ಮಧ್ಯಾಹ್ನ ಹುರುಳಿ ಆರಿಸುತ್ತ ಉಡುಪಿಯ ಅಕ್ಕನ ಹತ್ತಿರ ಫೋನಿನಲ್ಲಿ ತುಂಬ ಹೊತ್ತು ಮಾತಾಡಿದಳು. ಎಲ್ಲ ಹೇಳಿಕೊಂಡಳು. ಇವರು ಈಗ ಮೊದಲಿನ ಹಾಗಿಲ್ಲ. ಕರೆ ಮಾಡಿದರೆ ತೆಗೆಯುವುದಿಲ್ಲ, ಮೆಸೇಜು ಹಾಕು ಅನ್ನುತ್ತಾರೆ. ಟಿವಿ ನೋಡುವುದೂ ಶಬ್ದವಿಲ್ಲದೆ. ಕೇಳಿದರೆ ಸೌಂಡಿನವನಿಗೆ ಮನೆಯಲ್ಲಾದರೂ ಶಾಂತಿ ಬೇಡವಾ ಅನ್ನುತ್ತಾರೆ. ಮನೆಯಲ್ಲಿದ್ದರೂ ಬೆರಳು ಫೋನಿನ ಮೇಲೆ. ಆಚೆ ಕಡೆ ಯಾವಾಗಲೂ ಒಂದೇ ಹೆಸರು: ಮನಸ್ವಿನಿ.

ಸಂಜೆ ಪದ್ಮನಾಭ ಬಂದ. ಶೂ ಬಿಚ್ಚುತ್ತ, ಮುಖದ ತುಂಬ ನಗು ಇಟ್ಟುಕೊಂಡು, "ಇವತ್ತು ಮಧ್ಯಾಹ್ನ ತುಂಬ ಮಾತಾಡಿದಿ ಅಲ್ವಾ?" ಎಂದ.

ಜಯಂತಿ ಅಡುಗೆಮನೆಯ ಕಡೆ ತಿರುಗಿ ಪೆಟ್ಟಿಗೆಯನ್ನು ನೋಡಿದಳು. ಗೋಡೆಗೂ ಕಿವಿ ಇರುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು. ತನ್ನ ಗೋಡೆಗೆ ಗಂಡನೇ ಕಿವಿ ಕೊರೆದು ಕೂರಿಸಿದ್ದ.

ಅವತ್ತಿನಿಂದ ಅಡುಗೆಮನೆಯಲ್ಲಿ ಅವಳು ಬಾಯಿ ತೆರೆಯಲಿಲ್ಲ. ಅಕ್ಕನ ಫೋನು ಬಂದರೆ ತಾರಸಿಗೆ ಹೋದಳು. ಬೇಸಿಗೆಯಲ್ಲೂ ಹೋದಳು. ಹಾಡು ಗುನುಗುವ ಅಭ್ಯಾಸವಿತ್ತು, ಅದೂ ನಿಂತಿತು. ಊಟಕ್ಕೆ ಕರೆಯುವುದೆಂದರೆ ತಟ್ಟೆಯನ್ನು ಮೇಜಿನ ಮೇಲೆ ಸದ್ದಾಗುವಂತೆ ಇಡುವುದು.

ಕೆಲವು ತಿಂಗಳ ಮೇಲೆ ಅವನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. "ನೀನೀಗ ಇಲ್ಲಿ ಮಾತೇ ಆಡುದಿಲ್ಲ. ಬರೀ ಪಾತ್ರೆಗಳು."

ಅಂದರೆ ಕೇಳುತ್ತಲೇ ಇದ್ದಾನೆ. ಜಯಂತಿ ಒಲೆಯ ಕಡೆ ಮುಖ ಮಾಡಿಕೊಂಡೇ, "ಎಂತ ಬೇಕು ನಿಮಗೆ ನನ್ನ ಮಾತಿನಿಂದ?" ಎಂದಳು.

ಅವನು ಅವಳ ಬೆನ್ನನ್ನು ನೋಡುತ್ತ ನಿಂತಿದ್ದು ಹೋದ.

*

ಶವ ಬಂತು. ಹಾಲ್‌ನ ಸೋಫಾ ಸರಿಸಿ ಚಾಪೆಯ ಮೇಲೆ ಮಲಗಿಸಿದರು. ತಲೆಗೆ ಸುತ್ತಿದ ಬಿಳಿ ಬಟ್ಟೆಯ ನಡುವೆ ಮುಖ ಮಾತ್ರ ಕಾಣುತ್ತಿತ್ತು, ಏನನ್ನೋ ಲೆಕ್ಕ ಹಾಕುತ್ತ ನಿದ್ದೆ ಹೋದವನ ಮುಖದ ಹಾಗೆ. ದೀಪ್ತಿ ಒಮ್ಮೆ ಜೋರಾಗಿ ಅತ್ತು ಆಮೇಲೆ ಬಾಯಿಗೆ ದುಪಟ್ಟಾ ಒತ್ತಿಕೊಂಡಳು.

"ಬಾಯಿಗೆ ನೀರು ಬಿಡಿ ಅತ್ತಿಗೆ. ಮೊದಲು ನೀವು," ಎಂದ ಸತ್ಯಪ್ರಕಾಶ. ತುಳಸಿ ಎಸಳು ಹಾಕಿದ ತಾಮ್ರದ ಲೋಟ ಅವಳ ಮುಂದೆ ಬಂತು.

ಜಯಂತಿ ಲೋಟ ಹಿಡಿದಳು. ಕೈ ಮುಂದೆ ಹೋಗಲಿಲ್ಲ. ನನ್ನನ್ನು ಬಿಟ್ಟು ಹೋಗಲಿಕ್ಕೆ ತಾನೇ ನೀವು ಆ ರಸ್ತೆಯಲ್ಲಿ ನಡೆದದ್ದು? ಹಾಗಿದ್ದರೆ ಈ ಕೈಯ ನೀರು ನಿಮಗೆ ಯಾಕೆ? ಇದಕ್ಕೆ ಉತ್ತರ ಸಿಗದೆ ನೀರು ಬಿಡಲಾರೆ ಅನ್ನಿಸಿತು. ಜನ ನೋಡುತ್ತಿದ್ದರು.

ಅದೇ ಹೊತ್ತಿಗೆ ಬಾಗಿಲಲ್ಲಿ ಗುಂಪು ಸರಿಯಿತು. ಬಿಳಿ ಚೂಡಿದಾರದ ಹೆಂಗಸೊಬ್ಬಳು ಪದ್ಮನಾಭನ ಕಪ್ಪು ಬ್ಯಾಗನ್ನು ಎದೆಗವಚಿಕೊಂಡು ನಿಂತಿದ್ದಳು. ಮೂವತ್ತು ದಾಟಿರಬೇಕು. ಅತ್ತು ಮುಖ ಊದಿಕೊಂಡಿತ್ತು.

"ಬಂದ್ಲು ನೋಡಿ," ಹೇಮಲತಾ ಜಯಂತಿಯ ಕಿವಿಯ ಬಳಿ ಉಸುರಿದಳು. "ಬ್ಯಾಗು ಇವಳ ಹತ್ರ ಎಂತಕ್ಕೆ ಉಂಟು? ಅಳುದು ನೋಡಿ, ನಮಗಿಂತ ಇವಳಿಗೇ ಹೆಚ್ಚಾಗಿದೆ."

ಮನಸ್ವಿನಿ.

*

ಜಯಂತಿ ಅವಳನ್ನು ಹಿಂದೆ ಒಮ್ಮೆ ಮಾತ್ರ ನೋಡಿದ್ದಳು. ಕ್ಯಾಂಪಸ್ಸಿನ ದೊಡ್ಡ ಸಭಾಂಗಣದ ಕೆಲಸ ಮುಗಿದ ದಿನ ಪದ್ಮನಾಭ ಹೆಂಡತಿಯನ್ನು ತೋರಿಸಲು ಕರೆದುಕೊಂಡು ಹೋಗಿದ್ದ. ಖಾಲಿ ಕುರ್ಚಿಗಳ ನಡುವೆ ಅವನು ಕಂಪ್ಯೂಟರು ತೆರೆದು ಕೂತ. ಅವನ ಸಹಾಯಕಿ ಮನಸ್ವಿನಿ ಸಭಾಂಗಣದ ಮೂಲೆ ಮೂಲೆಗೆ ನಡೆದು, ನಿಂತು, ಕಣ್ಣು ಮುಚ್ಚಿ, ಬೆರಳು ಮೇಲೆತ್ತುವಳು, ಕೆಳಗಿಳಿಸುವಳು. ಅವನು ಅವಳ ಬೆರಳನ್ನೇ ನೋಡುವನು. ಒಂದು ಮಾತಿಲ್ಲ. ಇಬ್ಬರೂ ಒಟ್ಟಿಗೆ ನಕ್ಕರು, ಯಾಕೆಂದು ಜಯಂತಿಗೆ ತಿಳಿಯಲಿಲ್ಲ. ಮಾತಿಲ್ಲದೆ ಇಷ್ಟು ಅರ್ಥವಾಗಬೇಕಾದರೆ ಎಷ್ಟು ಹತ್ತಿರವಿರಬೇಕು?

ಆಮೇಲೆ ಅವಳು ಓಡಿಬಂದು ಅವನ ಬಲಗಡೆ ಬಾಗಿ, ಕಿವಿಗೆ ಬಾಯಿ ತಾಗುವಷ್ಟು ಹತ್ತಿರದಲ್ಲಿ ಏನೋ ಹೇಳಿದಳು. ಪದ್ಮನಾಭ ಕಣ್ಣು ಮುಚ್ಚಿ, ತಲೆ ಅವಳ ಕಡೆ ವಾಲಿಸಿ ಕೇಳಿದ. ಹೊರಗೆ ಬಂದು ನಡೆಯುವಾಗಲೂ ಅವಳು ಅವನ ಬಲಕ್ಕೇ, ಅಂಟಿಕೊಂಡ ಹಾಗೆ. ಹೆಂಡತಿ ಎಡಗಡೆ ನಡೆದು ಏನೋ ಕೇಳಿದಳು, ಎರಡು ಸಲ. ಅವನು ಅವಳ ಕಡೆ ನೋಡಲೂ ಇಲ್ಲ.

*

ಜಯಂತಿ ತಾಮ್ರದ ಲೋಟ ನೆಲಕ್ಕಿಟ್ಟು ಎದ್ದಳು. "ಬಾ ಇಲ್ಲಿ," ಎಂದು ಮನಸ್ವಿನಿಯ ಮಣಿಕಟ್ಟು ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದಳು. ಹಾಲ್‌ನಲ್ಲಿ ಗುಸುಗುಸು ಎದ್ದಿತು. ಹೇಮಲತಾ ಹಿಂದೆಯೇ ಬಂದು ಬಾಗಿಲಿಗೆ ಅಡ್ಡ ನಿಂತಳು.

ಜಯಂತಿ ನೇತಾಡುವ ಪೆಟ್ಟಿಗೆ ತೋರಿಸಿದಳು. "ಇದರ ಎದುರಿಗೇ ಹೇಳು. ಇಲ್ಲಿ ಆಡಿದ್ದೆಲ್ಲ ಅವರಿಗೆ ಕೇಳ್ತದೆ. ಸುಳ್ಳು ಹೇಳಿದ್ರೆ ಅದೂ ಕೇಳ್ತದೆ. ನಿನ್ನೆ ಅವರ ಜೊತೆ ನೀನಿದ್ದಿ ಅಲ್ವಾ? ನಿಮ್ಮಿಬ್ಬರ ನಡುವೆ ಎಂತ ಆಯ್ತು? ಅವರು ಯಾಕೆ ಹಾಗೆ ಹೋಗಿ ಗಾಡಿಗೆ ಬಿದ್ದದ್ದು?"

"ಆಂಟಿ..." ಮನಸ್ವಿನಿ ಪೆಟ್ಟಿಗೆಯನ್ನೂ ಅವಳನ್ನೂ ನೋಡಿದಳು. "ನಿಮಗೆ ಗೊತ್ತಿಲ್ವಾ?"

"ಎಂತ ಗೊತ್ತಿರಬೇಕು ನನಗೆ?"

"ಸರ್‌ಗೆ ಕೇಳ್ತಿರ್ಲಿಲ್ಲ ಆಂಟಿ."

ಹೇಮಲತಾ ನಕ್ಕೇಬಿಟ್ಟಳು, ಅಂಥ ಹೊತ್ತಿನಲ್ಲೂ. "ಯಾರಿಗೆ? ಭಾವನಿಗಾ? ಬೇರೆ ಎಂತಾದ್ರೂ ಹೇಳು ತಂಗಿ."

"ಎಡಗಿವಿ ನಾನು ಕೆಲಸಕ್ಕೆ ಸೇರೋ ಮುಂಚೇನೇ ಹೋಗಿತ್ತು. ಬಲಗಡೆ ಸ್ವಲ್ಪ ಇತ್ತು, ತೀರಾ ಹತ್ರ ಹೋಗಿ ಹೇಳಿದ್ರೆ. ಹೋದ ವರ್ಷದಿಂದ ಅದೂ ಇಲ್ಲ. ಎದುರಿಗೆ ನಿಂತು ಮಾತಾಡಿದ್ರೆ ತುಟಿ ನೋಡಿ ತಿಳ್ಕೊಳ್ತಿದ್ರು." ಮನಸ್ವಿನಿ ಮೂಗು ಒರೆಸಿಕೊಂಡಳು. "ಡಾಕ್ಟರ್ ಹತ್ರ ನಾನೇ ಕರ್ಕೊಂಡು ಹೋಗಿದ್ದೆ. ಮಿಷನ್ ಕೊಟ್ರು. ಕಿವಿಗೆ ಹಾಕ್ಕೊಂಡ್ರೆ ಯೂನಿವರ್ಸಿಟಿಯವರು ನೋಡ್ತಾರೆ, ಕಿವುಡನ ಕೈಲಿ ಸೌಂಡ್ ಹಾಕಿಸ್ತಾರಾ ಅಂತ ತೆಗೆದಿಟ್ಟುಬಿಟ್ರು. ಈಗೆಲ್ಲ ಕಂಪ್ಯೂಟರ್‌ನಲ್ಲೇ ಕಾಣತ್ತೆ ಆಂಟಿ, ಯಾವ ಬಾಕ್ಸ್ ಎಷ್ಟು ಕೂಗ್ತಿದೆ, ಎಲ್ಲಿ ಕಮ್ಮಿ. ಅದನ್ನ ಓದೋದ್ರಲ್ಲಿ ಸರ್ ಥರ ಯಾರೂ ಇಲ್ಲ. ಉಳಿದಿದ್ದನ್ನ ನಾನು ಕೇಳಿ ಬೆರಳಲ್ಲಿ ಹೇಳ್ತಿದ್ದೆ."

ಜಯಂತಿ ಶೆಲ್ಫಿನ ಅಂಚು ಹಿಡಿದಳು. ಸಾಸಿವೆ ಡಬ್ಬಿ ಅಲುಗಾಡಿತು.

"ಕ್ಯಾಂಪಸ್‌ನಲ್ಲಿ ನಡೆಯುವಾಗ ನಾನು ಯಾವಾಗ್ಲೂ ರಸ್ತೆ ಕಡೆ ಇರ್ತಿದ್ದೆ. ಗಾಡಿ ಬಂದ್ರೆ ತೋಳು ಹಿಡಿದು ಎಳೀತಿದ್ದೆ. ನಿನ್ನೆ ಲೈಬ್ರರಿಯಲ್ಲಿ ಒಂದು ಬಾಕ್ಸ್ ಸುಮ್ಮನಾಗಿತ್ತು, ನಾನು ಅಲ್ಲಿಗೆ ಹೋಗ್ಬಿಟ್ಟೆ. ಕೂತಿರಿ, ಬರ್ತೀನಿ ಅಂತ ಬರೆದು ತೋರಿಸಿದ್ದೆ. ಅವರು ಕೂರಲಿಲ್ಲ..."

"ಹಾಗಾದ್ರೆ ಇದು?" ಜಯಂತಿ ಪೆಟ್ಟಿಗೆಯ ಕಡೆ ಕೈ ಮಾಡಿದಳು. "ಇದು ಎಂತಕ್ಕೆ? ನಾನು ಮಾತಾಡಿದ್ದು ಅವರಿಗೆ ಹೇಗೆ ಗೊತ್ತಾಗ್ತಿತ್ತು?"

ಮನಸ್ವಿನಿ ಬ್ಯಾಗಿನಿಂದ ಟ್ಯಾಬ್ಲೆಟ್ಟು ತೆಗೆದು ಬೆರಳಾಡಿಸಿದಳು. ಕಪ್ಪು ಪರದೆಯ ನಡುವೆ ಸಣ್ಣ ಹಸಿರು ಗೆರೆಯೊಂದು ಮೂಡಿತು. ಅವಳು, "ಮಾತಾಡಿ," ಎಂದಳು. ಆ ಮಾತಿಗೇ ಗೆರೆ ಉಬ್ಬಿ, ಎದ್ದು, ಇಳಿಯಿತು.

"ಇಷ್ಟೇ ಆಂಟಿ. ಪದ ಏನೂ ಬರಲ್ಲ. ಪಾತ್ರೆ ಬಿದ್ರೆ ಮುಳ್ಳಿನ ಹಾಗೆ ಚುಚ್ಚತ್ತೆ. ಮಾತಾದ್ರೆ ಅಲೆ ಹಾಗೆ. ನೀವು ಊಟಕ್ಕೆ ಕರೆದು ಕರೆದು ಬೇಜಾರು ಮಾಡ್ಕೊತೀರ, ಅದಕ್ಕೆ ಹಾಕಿಸಿದ್ದು ಅಂತಿದ್ರು. ಕ್ಯಾಂಪಸ್‌ನಲ್ಲೂ ಮಧ್ಯೆ ಮಧ್ಯೆ ಇದನ್ನ ತೆಗೆದು ನೋಡೋರು. ಒಂದಿನ ಮಧ್ಯಾಹ್ನ ಪೂರ್ತಿ ಅಲೆ ಬರ್ತಾನೇ ಇತ್ತು. ನೋಡು, ಇವತ್ತು ಇವಳು ಎಷ್ಟು ಖುಷಿಯಲ್ಲಿದ್ದಾಳೆ ಅಂತ ನನಗೆ ತೋರಿಸಿದ್ರು." ಅವಳು ತಲೆ ತಗ್ಗಿಸಿದಳು. "ಆಮೇಲೆ ಬರೀ ಮುಳ್ಳು ಬರೋದಕ್ಕೆ ಶುರುವಾಯ್ತು. ಮೈಕ್ ಹಾಳಾಗಿದೆಯೇನೋ ಅಂತ ಎರಡು ಸಲ ಚೆಕ್ ಮಾಡಿಸಿದ್ರು ನನ್ನ ಹತ್ರ. ಮೈಕ್ ಸರಿಯಾಗಿತ್ತು."

ಟ್ಯಾಬ್ಲೆಟ್ಟಿನ ಗೆರೆ ನೆಲ ಕಚ್ಚಿ ಮಲಗಿತ್ತು. ಹೇಮಲತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಅಯ್ಯೋ, ಹೋಟ್ಲಿನಲ್ಲಿ ಇವರು ಕರೆದದ್ದು..." ಎಂದು ಅರ್ಧಕ್ಕೇ ಬಿಟ್ಟಳು.

ಜಯಂತಿ ಹಾಲ್‌ಗೆ ಬಂದಳು. ದೀಪ್ತಿಯ ಪಕ್ಕದಲ್ಲಿ ಕೂತು, ಅವಳ ತಲೆಯನ್ನು ತನ್ನ ಕಡೆ ಎಳೆದುಕೊಂಡು, "ಅಲ್ಲ ಮಗಾ. ಪಕ್ಕಾ ಅಲ್ಲ," ಎಂದಳು. ಆಮೇಲೆ ಎದ್ದು ಚಾಪೆಯನ್ನು ಬಳಸಿ ಗಂಡನ ಬಲಗಡೆಗೆ ಹೋದಳು. ತುಳಸಿ ಎಸಳಿನಿಂದ ನೀರು ಬಿಟ್ಟಳು. ಅದು ತುಟಿಯಿಂದ ಜಾರಿ ಕಿವಿಯ ಕಡೆ ಹರಿಯಿತು. ಅವಳು ಅದನ್ನು ತನ್ನ ಸೆರಗಿನಿಂದ ಒರೆಸಿದಳು, ಮಗುವಿಗೆ ಸ್ನಾನ ಮಾಡಿಸಿದ ಮೇಲೆ ಒರೆಸುವ ಹಾಗೆ, ಒಳಗೆ ನೀರುಳಿಯದಂತೆ.

ಮಧ್ಯಾಹ್ನದ ಹೊತ್ತಿಗೆ ಗಂಡಸರು ಶವವನ್ನು ಖಾಸ್‌ವಾಡಿ ಸ್ಮಶಾನಕ್ಕೆ ಒಯ್ದರು. ದೀಪ್ತಿಯೂ ಹೊರಟಾಗ, ಹೆಣ್ಣುಮಗಳು ಅಲ್ಲಿಗೆ ಬೇಡ ಎಂದು ಯಾರೋ ಅಂದರು. "ಅವಳೇ ಬೆಂಕಿ ಕೊಡ್ಲಿ. ಅಣ್ಣನಿಗೆ ಅವಳಲ್ಲದೆ ಬೇರೆ ಯಾರಿದ್ದಾರೆ?" ಎಂದ ಸತ್ಯಪ್ರಕಾಶ, ಕಣ್ಣೊರೆಸಿಕೊಳ್ಳುತ್ತ. ಹೇಮಲತಾ ಅವನಿಗೆ ಆಗಲೇ ವಿಷಯ ಹೇಳಿದ್ದಳು. ಮನಸ್ವಿನಿ ದೀಪ್ತಿಯ ಜೊತೆಗೆ ಹೋದಳು. ರಸ್ತೆ ದಾಟುವಾಗ ಅವಳು ಗಾಡಿಗಳು ಬರುವ ಕಡೆಗೆ ಸರಿದು, ದೀಪ್ತಿಯ ತೋಳು ಹಿಡಿದುಕೊಂಡದ್ದು ಬಾಲ್ಕನಿಯಿಂದ ಕಂಡಿತು.

ಮನೆ ತೊಳೆದರು. ಹೆಂಗಸರೆಲ್ಲ ಮಿಂದರು. ಜಯಂತಿ ಒದ್ದೆ ತಲೆಯಲ್ಲೇ ಪದ್ಮನಾಭನ ಕೋಣೆಗೆ ಹೋಗಿ ಅವನ ಕುರ್ಚಿಯಲ್ಲಿ ಕೂತಳು. ಮನಸ್ವಿನಿ ಬಿಟ್ಟುಹೋದ ಟ್ಯಾಬ್ಲೆಟ್ಟನ್ನು ಅವನು ಇಡುತ್ತಿದ್ದ ಜಾಗದಲ್ಲೇ, ದೀಪದ ಬುಡಕ್ಕೆ ಒರಗಿಸಿ ನಿಲ್ಲಿಸಿದಳು. ಕುರ್ಚಿ ಬಾಗಿಲಿಗೆ ಬೆನ್ನು ಮಾಡಿತ್ತು. ಇಷ್ಟು ದಿನ ಅದೂ ಅವಳ ಕಣ್ಣಿಗೆ ಕುಕ್ಕುತ್ತಿತ್ತು.

ಅಡುಗೆಮನೆಯಲ್ಲಿ ಹೇಮಲತಾ ಅನುರಾಧಾಬೆನ್ ತಂದುಕೊಟ್ಟ ಖಿಚಡಿಯನ್ನು ಬಡಿಸಲು ತಟ್ಟೆಗಳನ್ನು ಎಳೆಯುತ್ತಿದ್ದಳು. ಜಯಂತಿ ಎರಡೂ ಅಂಗೈಗಳಿಂದ ಕಿವಿ ಬಿಗಿಯಾಗಿ ಮುಚ್ಚಿಕೊಂಡಳು.

ಹಸಿರು ಗೆರೆ ಮಲಗಿತ್ತು. ಒಂದು ಮುಳ್ಳು ಎದ್ದಿತು. ಇನ್ನೊಂದು. ಮತ್ತೆ ಎರಡು, ಒಟ್ಟೊಟ್ಟಿಗೆ. ಸೌಟಿರಬೇಕು. ಆಮೇಲೆ ಗೆರೆ ಮೆಲ್ಲಗೆ ಉಬ್ಬಿತು, ಅಲೆಯ ಹಾಗೆ ಮೇಲೇರಿ ಇಳಿಯಿತು. ಅಲ್ಲಿ ಯಾರೋ ಯಾರನ್ನೋ ಕರೆಯುತ್ತಿದ್ದರು. ಅವಳು ಕೈ ತೆಗೆಯಲಿಲ್ಲ. ಗೆರೆ ಮತ್ತೆ ಎದ್ದಿತು, ಈ ಸಲ ಪರದೆಯ ಅಂಚಿನವರೆಗೂ, ಮತ್ತು ಅಲ್ಲೇ ನಡುಗುತ್ತ ನಿಂತಿತು.